ಕೂರುವ ಕಾಲು

ಕತ್ತರಿಸಿದ ಕಾಲಿನ ಮೊಂಡಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದು, ಆ ಅಚ್ಚಿನೊಳಗೆ ಮತ್ತೆ ಪ್ಲಾಸ್ಟರ್ ಹೊಯ್ದರೆ ಮೊಂಡಿನ ತದ್ರೂಪು ಸಿಗುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದವರು ಅದನ್ನು ಕೈಯಲ್ಲಿ ಹಿಡಿದು ಹಿಗ್ಗುತ್ತಾರೆ. ಹೊಲಿಗೆಯ ಗುರುತು ಕೂಡ ಮೂಡಿರುತ್ತದೆ. ಆದರೆ ಆ ತದ್ರೂಪಿನ ಮೇಲೆಯೇ ಮೊಂಡು ಕೂರುವ ಬಟ್ಟಲು ಮಾಡಿ ಕಾಲು ಜೋಡಿಸಿ ತೊಡಿಸಿ ನೋಡಿ, ರೋಗಿ ಎರಡನೇ ಹೆಜ್ಜೆಗೆ ಕಿರುಚುತ್ತಾನೆ. ಮೂಳೆ ಉಬ್ಬಿರುವ ಕಡೆ ಅಚ್ಚಿನ ಮೇಲೆ ಇನ್ನಷ್ಟು ಪ್ಲಾಸ್ಟರ್ ಮೆತ್ತಬೇಕು, ಭಾರ ತಡೆಯುವ ಕಡೆ ಕೆರೆಯಬೇಕು. ಇದ್ದದ್ದನ್ನು ಇದ್ದ ಹಾಗೆ ಬಿಟ್ಟರೆ ನೋಯುತ್ತದೆ.

ಹೋದ ತಿಂಗಳು, ಕೃತಕ ಕಾಲು ಮಾಡುವ ಕೋರ್ಸು ಮುಗಿಸುತ್ತಿರುವ ನೀವು ಕೆಲವರು ಮನೆಗೆ ಬಂದು, "ಸಾರ್, ನಿಮ್ಮ ಅನುಭವ ಬರ್ಕೊಡಿ, ಕೆಲಸಕ್ಕೆ ಸೇರೋರಿಗೆ ಯೂಸ್ ಆಗುತ್ತೆ" ಎಂದಿರಿ. ನನ್ನ ಬಳಿ ಇರುವ ನೆನಪುಗಳೆಲ್ಲ ಹೀಗೆ ಕೆರೆದು ಮೆತ್ತಿದ ಅಚ್ಚುಗಳೇ ಎಂದು ಆಗಲೇ ಹೇಳಬೇಕಿತ್ತು. ನಿವೃತ್ತಿಯ ದಿನ ನಾನು ಒಂದು ಕಥೆ ಹೇಳಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಅದನ್ನೇ ನಿಮ್ಮ ಕಾಲೇಜಿನಲ್ಲಿ ಹೇಳಿದೆ. ನೆಂಟರ ಮದುವೆಯಲ್ಲಿ, ಊಟದ ಸಾಲಿನಲ್ಲಿ ಕಾಯುತ್ತ ಹೇಳಿದೆ. ಹೇಳಿದಷ್ಟೂ ನುಣುಪಾಯಿತು. ಈಗ ಬರೆಯಲು ಕೂತರೆ ಎಲ್ಲಿ ಮೂಳೆ ಇತ್ತು, ಎಲ್ಲಿ ನಾನು ಮೆತ್ತಿದೆ ಎಂಬುದೇ ತಿಳಿಯುತ್ತಿಲ್ಲ.

ಕಥೆ ನೀಲವ್ವನದು. ಬಿಜಾಪುರದ ಕಡೆಯವಳು. ವಿಜಯನಗರದ ಮಾರ್ಕೆಟ್ ಹಿಂದಿನ ಓಣಿಯಲ್ಲಿ ಈರಣ್ಣ ಎನ್ನುವವರ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ವಾಸವೂ ಅಲ್ಲೇ, ಅಡುಗೆಮನೆಯ ಹಿಂದಿನ ಕೋಣೆಯಲ್ಲಿ. ಸಕ್ಕರೆ ಕಾಯಿಲೆ ಇತ್ತು, ಪಾದದಲ್ಲಿ ಗಾಯವಾಯಿತು, ಗಾಯ ಮೇಲೇರಿತು, ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಒಲೆಯ ಮುಂದೆ ಕೂರಲಾಗದಿದ್ದರೆ ರೊಟ್ಟಿಯವಳಿಗೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಕೋಣೆಯಿಲ್ಲ. ಶ್ರಾವಣದಲ್ಲಿ ಊಟದವರು ಹೆಚ್ಚುತ್ತಾರೆ, ಅಷ್ಟರೊಳಗೆ ಬರದಿದ್ದರೆ ಬೇರೆಯವರನ್ನು ಕೂರಿಸುತ್ತೇನೆ ಎಂದು ಈರಣ್ಣ ಹೇಳಿದ್ದರು. ಒಲೆಯ ಮುಂದಿನ ಆ ಒಂದು ಮಣೆಯ ಅಗಲದ ಜಾಗ ನೀಲವ್ವನಿಗೆ ಉಳಿಯುತ್ತದೋ ಇಲ್ಲವೋ, ಅಷ್ಟೇ ಇಲ್ಲಿನ ಪ್ರಶ್ನೆ.

ಆಕೆ ನನ್ನ ಬಳಿ ಬರುವ ಹೊತ್ತಿಗೆ ನಾನು ಮೂರನೆಯ ನೌಕರಿಯ ಕೊನೆಯಲ್ಲಿದ್ದೆ. ಮೊದಲ ಎರಡರ ವಿಷಯ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಡ್ತಿಯ ವಿಷಯ ಬರೆಯುವುದಿಲ್ಲ. ಒಂದು ಸಿಕ್ಕಿತು, ಮೇಜು ದೊಡ್ಡದಾಯಿತು.

ಮೊದಲ ಕೆಲಸ ಕೆಂಗೇರಿಯ ಆಚೆ, ಒಂದು ಚರ್ಚಿನವರು ನಡೆಸುತ್ತಿದ್ದ ಆಶ್ರಯಧಾಮದ ಹಿಂದಿನ ಶೆಡ್ಡಿನಲ್ಲಿ. ನಮ್ಮ ತಂದೆ ಬಿನ್ನಿಪೇಟೆಯಲ್ಲಿ ಗಿರಣಿ ಕೆಲಸದವರು. ನಾನು ಓದಿನಲ್ಲಿ ಹಿಂದೆ, ಬಡಗಿ ಕೆಲಸ ಬರುತ್ತಿತ್ತು. ಆಗ ಕಾಲುಗಳು ಮರದವು, ಚರ್ಮದ ಪಟ್ಟಿಯವು. ಶೆಡ್ಡಿನ ಯಜಮಾನಿ ಸಿಸ್ಟರ್ ಫಿಲೋಮಿನಾ, ಮಂಗಳೂರಿನವರು. ಕುಳ್ಳಗೆ ಗಟ್ಟಿಯಾಗಿದ್ದರು, ಉಳಿ ಹಿಡಿದರೆ ನನಗಿಂತ ಚುರುಕು. ಮೊದಲ ವಾರ ನಾನು ಒಬ್ಬ ಮುದುಕರಿಗೆ ಕಾಲು ತೊಡಿಸಿ, ಮರದ ಪಾಲಿಶ್ ನೋಡಿಕೊಂಡು ನಿಂತಿದ್ದೆ.

"ಎಂತದು ಮೂರ್ತಿ, ಮರ ನೋಡ್ತಾ ಇದ್ದೀಯಲ್ಲ? ಮುಖ ನೋಡು ಮಾರಾಯ. ನೋವು ಮುಖದಲ್ಲಿ ಬರ್ತದೆ."

ಮುದುಕರು ಹಲ್ಲು ಕಚ್ಚಿಕೊಂಡು, "ಚೆನ್ನಾಗಿದೆ ಸಿಸ್ಟರ್, ಚೆನ್ನಾಗಿದೆ" ಎನ್ನುತ್ತಿದ್ದರು. ಪುಕ್ಕಟೆ ಕೊಟ್ಟವರ ಮುಂದೆ ನೋವೆನ್ನಲು ಅವರಿಗೆ ಸಂಕೋಚ.

ಅಲ್ಲಿ ಒಂದು ಕಾಲಿಗೆ ಒಂದು ಮಳೆಗಾಲ ಹಿಡಿಯುತ್ತಿತ್ತು. ಅಲ್ಲಿಯವರೆಗೆ ರೋಗಿ ಅಲ್ಲೇ ಉಂಡು ಮಲಗಿ, ತೋಟಕ್ಕೆ ನೀರು ಹಾಕಿಕೊಂಡು ಇರುತ್ತಿದ್ದ. ಬೆಳಿಗ್ಗೆ ಗಂಟೆ ಹೊಡೆದರೆ ಪ್ರಾರ್ಥನೆ. ಬೇಕಾದವರು ಒಳಗೆ, ಬೇಡದವರು ಮಾವಿನಮರದ ಕೆಳಗೆ ಬೀಡಿ ಸೇದುತ್ತ. ಅವಸರ ಯಾರಿಗೂ ಇರಲಿಲ್ಲ. ಕಾಯುವವರ ಸಾಲು ಎಷ್ಟು ಉದ್ದವಿದೆ ಎಂದೂ ಯಾರೂ ನೋಡುತ್ತಿರಲಿಲ್ಲ.

ಎರಡನೆಯದು ರಾಜಾಜಿನಗರದ ಒಂದು ಖಾಸಗಿ ಟ್ರಸ್ಟು. ಅಧ್ಯಕ್ಷರು ಚನ್ನಬಸಪ್ಪನವರು, ಬಟ್ಟೆ ವ್ಯಾಪಾರಿ. ಅವರಿಗೆ ಸಾಲೇ ಕಣ್ಣಿಗೆ ಬೀಳುತ್ತಿತ್ತು. ಕಲ್ಯಾಣಮಂಟಪ ಹಿಡಿದು ಶಿಬಿರ ಮಾಡುತ್ತಿದ್ದರು. ಪ್ಲಾಸ್ಟಿಕ್ ಬಂದಿತ್ತು, ಕೊಳವೆ ಬಿಸಿ ಮಾಡಿ ಅಚ್ಚಿಗೆ ಎಳೆದರೆ ಬಟ್ಟಲು ಸಿದ್ಧ. ಬೆಳಿಗ್ಗೆ ಅಳತೆ, ಸಂಜೆ ನಡಿಗೆ. ಎರಡು ಕಂಬಿಗಳ ನಡುವೆ ನಡೆಸಿ, ಫೋಟೊ ತೆಗೆದು, ಕಾಲಿನ ಹಿಂಭಾಗಕ್ಕೆ ಟ್ರಸ್ಟಿನ ಹೆಸರಿನ ಸ್ಟಿಕ್ಕರ್ ಅಂಟಿಸಿ, ಹೋಳಿಗೆ ಊಟ ಹಾಕಿ ಕಳಿಸುತ್ತಿದ್ದೆವು.

ಅಲ್ಲಿಯ ಒಂದು ಎಡವಟ್ಟು ಹೇಳುತ್ತೇನೆ, ಇದರಲ್ಲಿ ಮೆತ್ತಿದ್ದು ಕಡಿಮೆ. ಒಂದೇ ಶಿಬಿರಕ್ಕೆ ಇಬ್ಬರು ಮಂಜುನಾಥರು ಬಂದಿದ್ದರು, ಇಬ್ಬರಿಗೂ ಎಡಗಾಲು. ಕಾಲುಗಳು ಅದಲುಬದಲಾದವು. ಇಬ್ಬರೂ ಕಂಬಿಗಳ ನಡುವೆ ನಡೆದರು, ಇಬ್ಬರೂ ಅಧ್ಯಕ್ಷರಿಗೆ ಕೈಮುಗಿದರು, ಫೋಟೊದಲ್ಲಿ ಇಬ್ಬರೂ ನಗುತ್ತಿದ್ದಾರೆ. ಮರುದಿನ ನಮಗೆ ತಪ್ಪು ಗೊತ್ತಾಗಿ ಹುಡುಕಿಸಿದರೆ ಒಬ್ಬ ಮಂಜುನಾಥ ಹೇಳಿದ: "ಅಯ್ಯೋ ಬಿಡಿ ಸಾರ್, ಬಸ್ ಸ್ಟಾಪಲ್ಲೇ ಬದಲಾಯಿಸ್ಕೊಂಡ್ವಿ. ಅವನೂ ಕುಂಟ್ತಿದ್ದ, ನಾನೂ ಕುಂಟ್ತಿದ್ದೆ, ನೋಡ್ದೆ, ಗುರು ಒಂದ್ನಿಮಿಷ ಇಲ್ ಬಾ ಅಂದೆ."

"ಅಲ್ಲೇ ಹೇಳೋದಲ್ವೇನಯ್ಯ?"

"ದೊಡ್ಡೋರೆಲ್ಲ ನಿಂತಿದ್ರಲ್ಲ ಸಾರ್."

ಮೂರನೆಯದು ಸರ್ಕಾರಿ ಕೇಂದ್ರ. ಅಲ್ಲಿ ಸ್ಟಿಕ್ಕರ್ ಇಲ್ಲ, ಪ್ರಾರ್ಥನೆಯಿಲ್ಲ, ಹೋಳಿಗೆಯೂ ಇಲ್ಲ. ಯಾರೂ ಯಾರಿಗೂ ಕೈಮುಗಿಯಬೇಕಾಗಿಲ್ಲ, ಬಂದವರು ಹಕ್ಕಿನಿಂದ ಜಗಳವಾಡಬಹುದು. ನನಗೆ ಅದು ಬಹಳ ಹಿಡಿಸಿತು. ಆದರೆ ಒಮ್ಮೆ ಕಾಲು ಪಡೆದವರಿಗೆ ಕೆಲವು ವರ್ಷ ಇನ್ನೊಂದು ಕೊಡುವಂತಿರಲಿಲ್ಲ, ಬೇರೆಯವರು ಕೊಟ್ಟದ್ದನ್ನು ಮುಟ್ಟುವಂತಿರಲಿಲ್ಲ. ಮೇಲಧಿಕಾರಿ ಸುಜಾತಾ ಮೇಡಂ, ನನಗಿಂತ ಚಿಕ್ಕವರು, ನಿಯಮ ಬಾಯಿಪಾಠ.

ಭಾಷಣದಲ್ಲಿ ನಾನು ಇದನ್ನು ಮೂರು ಸಾಲಿನಲ್ಲಿ ಮುಗಿಸುತ್ತಿದ್ದೆ. ಚರ್ಚಿನವರು ನೋವಿದೆಯೇ ಎಂದು ಕೇಳುತ್ತಾರೆ, ಟ್ರಸ್ಟಿನವರು ಎಷ್ಟು ಜನ ಎಂದು ಕೇಳುತ್ತಾರೆ, ಸರ್ಕಾರ ನೀವು ಅರ್ಹರೇ ಎಂದು ಕೇಳುತ್ತದೆ. ನೀವು ಅದನ್ನು ಬರೆದುಕೊಂಡದ್ದನ್ನೂ ನೋಡಿದ್ದೇನೆ. ದಯವಿಟ್ಟು ಹೊಡೆದುಹಾಕಿ. ಇದೇ ಸಿಸ್ಟರ್ ಒಬ್ಬ ಕುಡುಕನನ್ನು ಅರ್ಧ ಮಾಡಿದ ಕಾಲಿನ ಸಮೇತ ಗೇಟಿನ ಹೊರಗೆ ಕಳಿಸಿದ್ದರು. ಚನ್ನಬಸಪ್ಪನವರು ಶಿಬಿರದ ಗದ್ದಲದ ನಡುವೆ ನೆಲದ ಮೇಲೆ ಕೂತು ಒಬ್ಬ ಮುದುಕಿಯ ಮೊಂಡಿಗೆ ಎಣ್ಣೆ ತಿಕ್ಕುವುದನ್ನು ನೋಡಿದ್ದೇನೆ. ಆಗ ಫೋಟೊದವನು ಊಟಕ್ಕೆ ಹೋಗಿದ್ದ. ಮೇಡಂ ವಿಷಯ ಮುಂದೆ ಬರುತ್ತದೆ.

ನೀಲವ್ವನಿಗೆ ಈ ಮೂವರೂ ನೆರವಾದರು, ಇದನ್ನು ನಾನು ಭಾಷಣದಲ್ಲಿ ಹೇಳುತ್ತಿರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಪುಕ್ಕಟೆಯಾಯಿತು, ಜೀವ ಉಳಿಯಿತು. ಸಕ್ಕರೆಯವರ ಗಾಯ ಬೇಗ ಮಾಯುವುದಿಲ್ಲ. ಮಾಯುವವರೆಗೆ ಸಿಸ್ಟರ್ ಇಟ್ಟುಕೊಂಡರು. ಕೊರಳಲ್ಲಿ ಲಿಂಗವಿದ್ದ ಹೆಂಗಸು ಚರ್ಚಿನವರ ಮನೆಗೆ ಹೋಗುವುದಕ್ಕೆ ಓಣಿಯಲ್ಲಿ ಗುಸುಗುಸು ಎದ್ದಿತಂತೆ. "ಅಲ್ಲಿ ಹ್ವಾದ್ರ ಶಿಲುಬಿ ಹಾಕ್ತಾರಂತ" ಎಂದು ಯಾರೋ ಅಂದರೆ ನೀಲವ್ವ, "ಮದಲ ಕಾಲಿಗೆ ಔಷಧ ಹಾಕ್ಲಿ ತಗೋರಿ, ಕೊಳ್ಳಾಗಿಂದು ಆಮ್ಯಾಲ ನೋಡೂಣು" ಎಂದಿದ್ದಳಂತೆ. ಹೋದ ಮೊದಲ ದಿನವೇ ಸಿಸ್ಟರ್ ಕೇಳಿದ್ದು, "ಪೂಜೆಗೆ ನಿಮಗೆ ಎಲ್ಲಿ ಜಾಗ ಬೇಕು ಹೇಳಿ, ಕಿಟಕಿ ಹತ್ತಿರ ಆಗ್ತದಾ?" ಎಂದು. ಆಮೇಲೆ ಟ್ರಸ್ಟಿನ ಶಿಬಿರದಲ್ಲಿ ಕಾಲು ಸಿಕ್ಕಿತು. ಒಳ್ಳೆಯ ಕಾಲು. ಮಾಡಿದವನು ನನ್ನ ಶಿಷ್ಯನೇ. ನೀಲವ್ವ ಕಂಬಿಗಳ ನಡುವೆ ಚೆನ್ನಾಗಿ ನಡೆದಳು.

ಅಲ್ಲಿಂದ ಕೆಲವು ವಾರಕ್ಕೆ ಆಕೆ ನಮ್ಮ ಕೇಂದ್ರಕ್ಕೆ ಬಂದಳು. ಚಪ್ಪಾಳೆ ಬೀಳುತ್ತಿದ್ದುದು ಇಲ್ಲಿಗೆ. ನಾನು ಹೇಳುತ್ತಿದ್ದ ಪ್ರಕಾರ ನೀಲವ್ವ ಒಬ್ಬಳೇ ಊರುಗೋಲಿನಲ್ಲಿ ಬಂದು, ಆ ಕಾಲನ್ನು ನನ್ನ ಮೇಜಿನ ಮೇಲೆ ದಬ್ಬೆಂದು ಇಟ್ಟು, "ನನಗ ನಡಿಯಾಕ ಕಾಲ ಬ್ಯಾಡ್ರಿ, ಕುಂದ್ರಾಕ ಕಾಲ ಬೇಕು" ಎಂದಳು.

ಬರೆದ ಮೇಲೆ ಓದಿ ನೋಡಿದೆ. ಮೇಜು ಎಂದಿದ್ದೇನೆ. ಅಳತೆಯ ಕೋಣೆಯಲ್ಲಿ ಮೇಜು ಇರಲಿಲ್ಲ. ಕಾಲು ನೆಲದ ಮೇಲೆ, ಒಂದು ಕೈಚೀಲದಲ್ಲಿತ್ತು. ಆಮೇಲಿನದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು, "ಹೇಗೆ ಕೂರ್ತೀರಿ, ತೋರ್ಸಿ" ಎಂದೆ. ಅಷ್ಟು ವರ್ಷಗಳಲ್ಲಿ ಯಾರನ್ನೂ ಹಾಗೆ ಕೇಳಿರಲಿಲ್ಲ. ಎಲ್ಲರಿಗೂ "ನಡೀರಿ ನೋಡೋಣ" ಎಂದೇ ಹೇಳಿದವನು ನಾನು. ನಮ್ಮ ಪುಸ್ತಕಗಳಲ್ಲಿ ಇದ್ದದ್ದು ಕುರ್ಚಿಯಲ್ಲಿ ಕೂರುವ ಜನರ ಕಾಲುಗಳು.

ಕಾಲು ಹೋಗುವ ಮುಂಚೆ ಹೇಗೆ ಕೂರುತ್ತಿದ್ದಳೆಂದು ನೀಲವ್ವ ನೆಲದಲ್ಲಿ ಕೂತು ತೋರಿಸಿದಳು, ನಾನೂ ಎದುರಿಗೆ ಕೂತೆ. ಎಡಗಾಲು ಮಡಚಿ ಮಣೆಯ ಮೇಲೆ. ಬಲ ಮೊಣಕಾಲು ಮೇಲಕ್ಕೆ, ಅದರ ಪಾದ ರೊಟ್ಟಿ ಬಡಿಯುವ ಹಲಗೆಯ ಅಂಚಿಗೆ ಒತ್ತಿಕೊಂಡು. ಎರಡೂ ಅಂಗೈಯಿಂದ ಬಡಿಯುವಾಗ ಮೈಯೆಲ್ಲ ಮುಂದಕ್ಕೆ ಬೀಳುತ್ತದೆ. ಹಲಗೆ ಜಾರದಂತೆಯೂ ತಾನು ಒಲೆಯ ಕಡೆ ಮುಗ್ಗರಿಸದಂತೆಯೂ ಹಿಡಿಯುವುದು ಆ ಪಾದವೇ. ಶಿಬಿರದ ಕಾಲು ತೊಟ್ಟರೆ ಮೊಣಕಾಲು ಅಷ್ಟು ಮಡಚುವುದಿಲ್ಲ, ಬಟ್ಟಲಿನ ಹಿಂದಿನ ಅಂಚು ತೊಡೆಗೆ ಒತ್ತುತ್ತದೆ. ಕಾಲು ಬಿಚ್ಚಿಟ್ಟರೆ ಹಲಗೆ ಓಡುತ್ತದೆ.

"ಖುರ್ಚಿ ಮ್ಯಾಲ ಕುಂತು ಟೇಬಲ್ ಮೇಲೆ ಮಾಡಬಹುದಲ್ಲ?" ಎಂದು ಅವರ ಭಾಷೆಯಲ್ಲೇ ಕೇಳಲು ಹೋದೆ.

"ಮಾಡಿ ನೋಡೀನ್ರೀ. ರೆಟ್ಟಿ ಭಾರ ಬೀಳೂದಿಲ್ಲ, ರೊಟ್ಟಿ ಅಂಚಿಗೆ ಸೀಳತಾವ. ಹಂತಾವು ಈರಣ್ಣಾರ ತಾಟಿಗೆ ಹಾಕೂದಿಲ್ಲ, ನಾನೂ ಹಾಕೂದಿಲ್ಲ."

ಮೇಡಂ ಹತ್ತಿರ ಹೋದೆ. ಆಧಾರ್ ಸಂಖ್ಯೆ ಹಾಕಿ ನೋಡಿದರು. "ಸಿಸ್ಟಮ್ ತಗೊಳ್ತಿಲ್ಲ ಮೂರ್ತಿ. ಟ್ರಸ್ಟ್ ಕಾಲು ಎಂಟ್ರಿ ಆಗಿದೆ. ವಾಕರ್ ಕೊಡ್ತೀನಿ, ಪಿಂಚಣಿಗೆ ಇವತ್ತೇ ಬರೀತೀನಿ."

"ಆಯಮ್ಮ ಕೂರ್ಬೇಕು ಮೇಡಂ."

"ಕೂರೋದಕ್ಕೆ ಅಂತ ನಮ್ಮಲ್ಲಿ ಏನೂ ಇಲ್ವಲ್ರೀ."

ವಾಕರ್ ಬಂತು, ಪಿಂಚಣಿಯೂ ಬೇಗ ಬಂತು. ಚನ್ನಬಸಪ್ಪನವರಿಗೆ ಫೋನ್ ಮಾಡಿದೆ. ಅವರಿಗೆ ವಿಷಯ ಅರ್ಧ ಕೇಳುವಷ್ಟರಲ್ಲೇ ಕರುಣೆ ಉಕ್ಕಿತು. ಮರುವಾರವೇ ಖಾನಾವಳಿಗೆ ಒಂದು ರೊಟ್ಟಿ ಯಂತ್ರ ಬಂದಿಳಿಯಿತು, ಮರದ ಪೆಟ್ಟಿಗೆಯಲ್ಲಿ, ರಿಬ್ಬನ್ ಸಮೇತ. ನೀಲವ್ವ ರಿಬ್ಬನ್ ಕತ್ತರಿಸಿದಳು. ಯಂತ್ರದ ರೊಟ್ಟಿ ತಿಂದ ಗಿರಾಕಿಗಳು ಬಿಲ್ ಕೊಡುವಾಗ ಈರಣ್ಣನ ಮುಖವನ್ನೇ ನೋಡಿದರಂತೆ. ಯಂತ್ರದ ಮೇಲೆ ಗೋಣಿಚೀಲ ಬಿತ್ತು. ಸಿಸ್ಟರ್ ಅಂತೂ, "ಅಷ್ಟು ಕಷ್ಟ ಯಾಕೆ? ನಮ್ಮಲ್ಲೇ ಇರಲಿ, ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿಕೊಂಡು" ಎಂದರು. ಅದನ್ನು ನೀಲವ್ವನಿಗೆ ತಿಳಿಸಿದಾಗ ಆಕೆ ಹೇಳಿದಳು: "ಭಾಳ ಚಲೋ ಮಂದಿ ಅದಾರ್ರೀ ಅವರು. ಆದ್ರ ಅಲ್ಲಿ ಮೂರೂ ಹೊತ್ತು ಅನ್ನ ತಿಂತಾರ್ರೀ."

ಆಷಾಢ ಅರ್ಧ ಕಳೆದಿತ್ತು. ಈರಣ್ಣನ ಹೆಂಡತಿ ಬೆನ್ನುನೋವಿನಲ್ಲೇ ರೊಟ್ಟಿ ಬಡಿಯುತ್ತಿದ್ದರು. ಸೊಲ್ಲಾಪುರದ ಕಡೆಯ ಇನ್ನೊಬ್ಬ ಹೆಂಗಸು ಬಂದು ರೊಟ್ಟಿ ಬಡಿದು ಕೈ ತೋರಿಸಿ ಹೋಗಿದ್ದಳು, ಕೈ ಚೆನ್ನಾಗಿತ್ತು.

ಶಿಬಿರದ ಆ ಕಾಲನ್ನೇ ಕತ್ತರಿಸಬೇಕು ಎಂದು ನಾನು ನಿರ್ಧರಿಸಿದೆ. ಬಟ್ಟಲಿನ ಹಿಂದಿನ ಅಂಚು ಇಳಿಸಿದರೆ ಮೊಣಕಾಲು ಮಡಚುತ್ತದೆ. ಆದರೆ ನಡೆಯುವಾಗ ಹಿಡಿತ ತಪ್ಪಿ ಕುಂಟಬೇಕಾಗುತ್ತದೆ. ಒಳ್ಳೆಯ ಕಾಲೊಂದನ್ನು ತಿಳಿದೂ ತಿಳಿದೂ ಕೆಡಿಸುವ ಕೆಲಸ ಅದು. ನೀಲವ್ವನಿಗೆ ಹೇಳಿದೆ. "ನಡದ್ ಎಲ್ಲಿಗ್ ಹೋಗೂದೈತ್ರೀ ನಾ? ಕ್ವಾಣಿಯಿಂದ ಒಲಿಗೆ, ಒಲಿಯಿಂದ ಕ್ವಾಣಿಗೆ" ಎಂದಳು.

ಕೇಂದ್ರದಲ್ಲಿ ಮಾಡುವಂತಿರಲಿಲ್ಲ. ಮೇಡಂ ಮುಂದೆ ನಿಂತು ಬಿಸಿಗಾಳಿಯ ಗನ್ನು ಭಾನುವಾರಕ್ಕೆ ಬೇಕಿತ್ತು ಎಂದೆ. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ಹೀಟ್ ಗನ್ ಯಾಕೋ ಸರಿಯಾಗಿ ಕೆಲಸ ಮಾಡ್ತಿಲ್ಲ ಅಲ್ವಾ ಮೂರ್ತಿ? ತಗೊಂಡ್ಹೋಗಿ ತೋರಿಸ್ಕೊಂಡ್ ಬನ್ನಿ. ಸೋಮವಾರ ಸರಿಯಾಗಿರ್ಬೇಕು." ಗನ್ನು ಚೆನ್ನಾಗಿಯೇ ಇತ್ತು.

ಸಿಸ್ಟರ್ ಶೆಡ್ಡು ತೆಗೆಸಿಕೊಟ್ಟರು. ಕಾಲು ಮಾಡುವುದನ್ನು ಅವರು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು, ಒಳಗೆ ಹಳೆಯ ಕುರ್ಚಿಗಳು, ಕ್ರಿಸ್ಮಸ್ ಗೋದಲಿಗೆ ಇಡುವ ಮಣ್ಣಿನ ಕುರಿಗಳು. ಪ್ರಾರ್ಥನೆ ಮುಗಿದ ಮೇಲೆ ಅವರೂ ಬಂದು ಸ್ಟೂಲಿನ ಮೇಲೆ ಕೂತರು. ವಯಸ್ಸಾಗಿ ಕೈ ನಡುಗುತ್ತಿತ್ತು, ನಾಲಿಗೆ ನಡುಗುತ್ತಿರಲಿಲ್ಲ. "ನಿನ್ನ ಕೈ ಸರ್ಕಾರದ ಕೈ ಆಗಿದೆ ಮೂರ್ತಿ, ಎಷ್ಟು ಹೊತ್ತು ಮಾಡ್ತೀಯ."

ಅಂಚನ್ನು ಸ್ವಲ್ಪ ಕತ್ತರಿಸುವುದು, ಬಿಸಿ ಮಾಡಿ ಹೊರಕ್ಕೆ ಮಡಚುವುದು, ತೊಡಿಸುವುದು, ಕೂರಿಸುವುದು, ಬಿಚ್ಚಿ ಚರ್ಮ ಎಲ್ಲಿ ಕೆಂಪಾಗಿದೆ ನೋಡುವುದು, ಮತ್ತೆ ಕತ್ತರಿಸುವುದು. ಸಕ್ಕರೆಯವರಲ್ಲಿ ಆ ಕೆಂಪನ್ನು ನೋಡದೆ ಬಿಟ್ಟರೆ ಮೊಣಕಾಲೂ ಹೋಗುತ್ತದೆ, ನೆನಪಿಡಿ. ಪರೀಕ್ಷೆಗೆಂದು ಸಿಸ್ಟರ್ ಅಡುಗೆಮನೆಯಿಂದ ಹಿಟ್ಟು ಕಲೆಸಿ ತರಿಸಿದರು. ನೀಲವ್ವ ಬೆರಳಿನಿಂದ ಒತ್ತಿ ನೋಡಿ ಮುಖ ಕಿವಿಚಿದಳು.

"ಇದು ಗೋದಿ ಹಿಟ್ಟಲ್ರೀ ಸಿಸ್ಟರ?"

"ಹೌದಲ್ಲ. ಹಿಟ್ಟು ಹಿಟ್ಟೇ ಅಲ್ವಾ?"

"ಯವ್ವಾ! ದೇವ್ರ ದೇವ್ರ ಒಂದ ಅನ್ರಿ, ಒಪ್ಪತೀನಿ. ಹಿಟ್ಟು ಹಿಟ್ಟು ಒಂದ ಅನಬ್ಯಾಡ್ರಿ."

ಸಿಸ್ಟರ್ ನಕ್ಕು ನಕ್ಕು ಕೆಮ್ಮಿದರು. ಜೋಳದ ಹಿಟ್ಟನ್ನು ಈರಣ್ಣನೇ ತಂದರು, ಸ್ಕೂಟರಿನಲ್ಲಿ, ಹಲಗೆಯನ್ನೂ ಕಟ್ಟಿಕೊಂಡು. ಮಧ್ಯಾಹ್ನದ ಹೊತ್ತಿಗೆ ಆ ಶೆಡ್ಡಿನಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿತು. ಹಲಗೆ ಅಲುಗಲಿಲ್ಲ.

ಹೊರಡುವ ಮುಂಚೆ ನೀಲವ್ವ ರಬ್ಬರ್ ಪಾದ ತೋರಿಸಿ, "ಇದಕ್ಕ ಕಾಲುಂಗುರ ಹಾಕಾಕ ಬರತೈತೇನ್ರೀ?" ಎಂದಳು. ಬೆರಳುಗಳು ಒಂದಕ್ಕೊಂದು ಅಂಟಿದಂತೆ ಅಚ್ಚಾಗಿರುತ್ತವೆ. ಬ್ಲೇಡಿನಿಂದ ನಡುವೆ ಸೀಳಿ ಬಿಡಿಸಿದೆ. ಗಂಡ ಏನು ಮಾಡುತ್ತಾನೆ ಎಂದು ಸಿಸ್ಟರ್ ಕೇಳಿದರು. "ಎಲ್ಲದಾನೋ ಗೊತ್ತಿಲ್ರೀ. ಇದ್ದಾನ. ಉಂಗುರ ಇರ್ಲಿ" ಎಂದು ನೀಲವ್ವ ಉಂಗುರ ತೂರಿಸಿದಳು.

ಶ್ರಾವಣದ ಮೊದಲ ಸೋಮವಾರ ಆಕೆ ತನ್ನ ಜಾಗದಲ್ಲಿದ್ದಳು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನ. ಆದರೆ ಶ್ರಾವಣ ಮುಗಿಯುವಷ್ಟರಲ್ಲಿ ಚನ್ನಬಸಪ್ಪನವರು ಕೇಂದ್ರಕ್ಕೆ ಬಂದರು. ಮಾರ್ಕೆಟ್ಟಿನಲ್ಲಿ ನೀಲವ್ವ ಮೈ ಓಲಾಡಿಸಿಕೊಂಡು ಕುಂಟುವುದನ್ನು ಅವರ ಅಂಗಡಿಯವರು ಯಾರೋ ನೋಡಿದ್ದರು.

"ಮೂರ್ತಿಯವ್ರೇ, ನಮ್ಮ ಕಾಲನ್ನ ನೀವೇ ಕೆಡಿಸಿದ್ರಂತೆ, ಹೌದಾ? ಅದರ ಮೇಲೆ ನಮ್ಮ ಹೆಸರಿದೆ. ಆಯಮ್ಮ ಹಿಂಗೆ ಕುಂಟುತಿದ್ರೆ ಜನ ಏನಂತಾರೆ?" ಸಿಟ್ಟಿಗಿಂತ ಅವರಿಗೆ ನೋವಾಗಿತ್ತು. ಕೊಟ್ಟ ಸೀರೆಯನ್ನು ಹರಿದು ಹೊದಿಕೆ ಹೊಲಿದುಕೊಂಡರೆ ಆಗುವಂಥ ನೋವು.

ಅವರನ್ನು ಖಾನಾವಳಿಗೆ ಊಟಕ್ಕೆ ಕರೆದೊಯ್ದೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಕೈ ತೊಳೆಯುವ ನೆವದಲ್ಲಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ಬಹಳ ಹೊತ್ತು ನಿಂತಿದ್ದರು. ಮುಂದಿನ ಶಿಬಿರದಲ್ಲಿ ನೀಲವ್ವನಿಗೆ ಇನ್ನೊಂದು ಕಾಲು ಕೊಟ್ಟರು, ನಡೆಯುವುದಕ್ಕೆ. ಸ್ಟಿಕ್ಕರ್ ಅಂಟಿಸಿಯೇ ಕೊಟ್ಟರು. ಕಂಬಿಗಳ ಪಕ್ಕದಲ್ಲಿ, ಕೂರಿಸಿ ನೋಡಲು, ಒಂದು ತಗ್ಗಿನ ಮಣೆಯನ್ನೂ ಇಡಿಸಿದರು. ಅದು ನೀಲವ್ವನಿಂದಲೇ ಆಯಿತು ಎಂದು ನಾನು ಹೇಳುತ್ತಿದ್ದೆ. ಖಚಿತವಿಲ್ಲ. ಅದೇ ವರ್ಷ ನ್ಯಾಯಬೆಲೆ ಅಂಗಡಿಯ ಹಮಾಲಿಯೊಬ್ಬ ಕುಕ್ಕರಗಾಲಲ್ಲಿ ಕೂರಲಾಗುವುದಿಲ್ಲವೆಂದು ಅಲ್ಲೇ ಗಲಾಟೆ ಮಾಡಿದ್ದ.

ಇಷ್ಟು ಬರೆದು ಮೊನ್ನೆ ನಿಲ್ಲಿಸಿದೆ. ಭಾಷಣದಲ್ಲಿ ನನ್ನ ಕೊನೆಯ ವಾಕ್ಯ ಹೀಗಿರುತ್ತಿತ್ತು: "ಇವತ್ತಿಗೂ ಆ ಉಂಗುರ ಆ ಕೂರುವ ಕಾಲಿನಲ್ಲಿದೆ." ಇದೆಯೇ? ನೋಡಿ ಎಷ್ಟು ಕಾಲವಾಯಿತು? ಜ್ಞಾನಭಾರತಿಯಲ್ಲಿ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿದೆ.

ಮಧ್ಯಾಹ್ನದ ಗದ್ದಲ ಇಳಿದಿತ್ತು. ಈರಣ್ಣ ಗಲ್ಲಾದಲ್ಲಿದ್ದರು, ಕೂದಲೆಲ್ಲ ಬೆಳ್ಳಗಾಗಿದೆ. ಒಳಗೆ ನೀಲವ್ವ ಅದೇ ಜಾಗದಲ್ಲಿ, ಅದೇ ಕಾಲಿನಲ್ಲಿ. ಅಂದು ಗೋಣಿಚೀಲದ ಕೆಳಗಿದ್ದ ಯಂತ್ರದ ಮುಂದೆ ಬೇರೊಬ್ಬ ಹೆಂಗಸು ನಿಂತಿದ್ದಳು. ಈಗ ಸಂಜೆಯ ಪಾರ್ಸಲ್ಲು, ಡೆಲಿವರಿ ಹುಡುಗರು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಾರಂತೆ, ಅದಕ್ಕೆ ಯಂತ್ರದ್ದೇ ಸೈಯಂತೆ. ಸರ್ಕಾರದ ವಾಕರಿನ ಮೇಲೆ ರೊಟ್ಟಿ ಮುಚ್ಚುವ ಬಟ್ಟೆಗಳು ಒಣಗುತ್ತಿದ್ದವು. ನಡೆಯುವ ಕಾಲು ಪ್ಲಾಸ್ಟಿಕ್ ಕವರಿನಲ್ಲಿ ಮೊಳೆಗೆ ತೂಗುತ್ತಿತ್ತು, ಊರಿಗೆ ಹೋಗುವಾಗ ಹಾಕಿಕೊಳ್ಳಲು. ಹೋದ ಚಳಿಗಾಲದಲ್ಲಿ ಜ್ವರ ಬಂದು ಮಲಗಿದಾಗ ಸಿಸ್ಟರ್ ಮನೆಯಲ್ಲೇ ಇದ್ದು ಬಂದಳಂತೆ, ಅನ್ನ ತಿಂದುಕೊಂಡು.

ನಾನು ಪಾದ ನೋಡಿದೆ. ಬ್ಲೇಡಿನಿಂದ ಸೀಳಿದ ಗುರುತು ಇತ್ತು, ಅಂಚು ಸ್ವಲ್ಪ ಕರಕಾಗಿತ್ತು. ಉಂಗುರ ಇರಲಿಲ್ಲ.

"ತಗದಿಟ್ಟೀನ್ರೀ. ಒಲಿ ಮುಂದ ಕಾಯ್ದು ಸುಡತಿತ್ತು."

"ರಬ್ಬರಿಗೆ ಎಲ್ಲಿ ಸುಡುತ್ತೆ ನೀಲವ್ವ?"

"ರಬ್ಬರಿಗ್ ಸುಡೂದಿಲ್ರೀ. ನನಗ ಸುಡತಿತ್ತು." ಇಲ್ಲದ ಕಾಲಿನ ಬೆರಳು ಇದ್ದಂತೆಯೇ ಸುಡುವುದು ನಮ್ಮ ಕೆಲಸದಲ್ಲಿ ಮೊದಲ ಪಾಠ. ನಾನೇ ನಿಮಗೆ ಹೇಳಿಕೊಟ್ಟದ್ದು.

ಬಂದವನು ಇನ್ನೊಂದನ್ನೂ ಕೇಳಿಬಿಡೋಣವೆಂದು, "ಅವತ್ತು ನಮ್ಮ ಕೇಂದ್ರಕ್ಕೆ ಬಂದು, ನಡೆಯಾಕ ಬ್ಯಾಡ, ಕುಂದ್ರಾಕ ಕಾಲ ಬೇಕು ಅಂದಿದ್ರಲ್ಲ" ಎಂದೆ.

ನೀಲವ್ವ ಹಿಟ್ಟು ನಾದುವುದನ್ನು ನಿಲ್ಲಿಸಿದಳು. "ನಾನ್ ಎಲ್ಲಿ ಅಂದೀನ್ರೀ? ನಿಮ್ಮ ಆಫೀಸಿನ್ಯಾಗ ನನಗ ಬಾಯೇ ಬಂದಿಲ್ಲ. ಈರಣ್ಣಾರ ಅಂದಿದ್ದು."

ಗಲ್ಲಾದಿಂದ ಈರಣ್ಣ ಕೂಗಿದರು: "ಸರ್, ನೀವು ಸುಮ್ನ ನಡಸಿ ನಡಸಿ ನೋಡಾಕತ್ತಿದ್ರಿ. ನನಗ ಸಿಟ್ಟು ಬಂತು. ಆಕಿ ನಡ್ಯಾಕತ್ತಾಳ್ರೀ, ಕುಂದ್ರಾಕ ಬರವಲ್ದು, ಅದನ್ನ ನೋಡ್ರಿ ಅಂದೆ."

ಈರಣ್ಣ ಅವತ್ತು ಬಂದಿದ್ದರು! ನನ್ನ ಕಥೆಯಲ್ಲಿ ಅವರು ಶ್ರಾವಣದ ಗಡುವು ಹಾಕಿ ಖಾನಾವಳಿಯಲ್ಲೇ ಕೂತಿದ್ದರು. ಕೈಚೀಲ ಹೊತ್ತು ತಂದವರು ಯಾರೆಂದು ನಾನು ಯೋಚಿಸಿರಲೇ ಇಲ್ಲ. ಗಡುವು ಹಾಕಿದ್ದೂ ನಿಜವೇ, ಅವರೇ ಒಪ್ಪಿದರು. "ಶ್ರಾವಣ ಅಂದಿದ್ದೆ. ಆದ್ರ ಆ ಸೊಲ್ಲಾಪುರದಾಕಿ ಎರಡ ಸಲ ಬಂದ್ರೂ ಮಣಿ ಬಿಟ್ಟುಕೊಡಲಿಲ್ಲ ನಮ್ಮ ಮನೆಯಾಕಿ. ಬೆನ್ನು ಹಿಡಕೊಂಡು ತಾನ ಬಡದ್ಲು." ಚರ್ಚು, ಟ್ರಸ್ಟು, ಸರ್ಕಾರ ಎಂದು ಮೂರು ಬೆರಳು ಮಡಚಿ ಭಾಷಣ ಮಾಡಿದವನು ನಾನು. ಬೆನ್ನು ಹಿಡಿದುಕೊಂಡು ಜಾಗ ಕಾದ ಆ ಹೆಂಗಸಿನ ಹೆಸರು ಅಲ್ಲಿಯವರೆಗೂ ನನಗೆ ಗೊತ್ತಿರಲಿಲ್ಲ. ಕೇಳಿದೆ. ಕಾಶೀಬಾಯಿ.

"ಕುಂದರ್ರೀ ಸರ್, ಬಿಸಿದ ತಿನ್ರಿ" ಎಂದು ನೀಲವ್ವ ಒಲೆಯ ಪಕ್ಕ ಚಾಪೆ ತೋರಿಸಿದಳು. ಕೂರಲು ಬಗ್ಗಿದೆ. ಎರಡು ವರ್ಷದಿಂದ ನನ್ನ ಮೊಣಕಾಲುಗಳು ಮಡಚುವುದಿಲ್ಲ, ಅದನ್ನು ಯಾರಿಗೂ ಹೇಳಿಲ್ಲ. ಗೋಡೆ ಹಿಡಿದು ಅರ್ಧದಲ್ಲೇ ನಿಂತು, "ಪರವಾಗಿಲ್ಲ, ನಿಂತೇ ತಿಂತೀನಿ, ಚೆನ್ನಾಗಿದೀನಿ" ಎಂದೆ.

ನೀಲವ್ವ ಹಲಗೆ ಬದಿಗೆ ಸರಿಸಿದಳು. "ಹೆಂಗ ಕುಂದರ್ತೀರಿ, ತೋರಸ್ರಿ."

ತೋರಿಸಿದೆ. ಯಂತ್ರ ಬಂದಿದ್ದ ಮರದ ಪೆಟ್ಟಿಗೆಯನ್ನು ಎಳೆದು ತಂದು, ಗೋಣಿ ಹಾಸಿ, ಅದರ ಮೇಲೆ ಕೂರಿಸಿದಳು. ಟ್ರಸ್ಟಿನ ಹೆಸರು ಇನ್ನೂ ಪೆಟ್ಟಿಗೆಯ ಬದಿಯಲ್ಲಿತ್ತು. ಮೊಣಕಾಲು ಜಗ್ಗಿತು. ನಾನು ನಗುತ್ತ, "ಚೆನ್ನಾಗಿದೆ ನೀಲವ್ವ, ಚೆನ್ನಾಗಿದೆ" ಎಂದೆ.

ಆಕೆ ನನ್ನ ಮೊಣಕಾಲು ನೋಡಲಿಲ್ಲ. ಮುಖವನ್ನೇ ನೋಡುತ್ತಿದ್ದಳು.

"ಎಲ್ಲಿ ಚಲೋ ಐತ್ರೀ? ಏಳ್ರಿ, ಇನ್ನೊಂದು ಗೋಣಿ ಹಾಕ್ತೀನಿ."